ಗಿಡ್ಡ ಹುಂಜದ ಮೈಕಟ್ಟು ಮತ್ತು ನಾನು ಬರೆದ ಒಂದು ಸುಳ್ಳು

ಕೋಳಿ ಪ್ರದರ್ಶನಗಳಲ್ಲಿ ತೀರ್ಪು ಕೊಡಲು ಹೊರಟಿರುವ ಹೊಸಬರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಆಳಂದ ಕಡೆಯ ಕೆಲವರು ಕೇಳಿದ್ದಾರೆ. ಬರೆಯುತ್ತೇನೆ. ಸಿಹಿ ಮಾತು ಬೇಕಾದವರು ಇಲ್ಲಿಗೇ ಓದುವುದನ್ನು ಬಿಡಬಹುದು. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ, ಕೊರಳಿಗೊಂದು ಗುರುತಿನ ಚೀಟಿ ತೂಗುಹಾಕಿಕೊಂಡು, ಪಂಜರದ ಮುಂದೆ ನಿಂತ ಕೂಡಲೇ "ಎಷ್ಟು ಗ್ರಾಂ ಅದರಿ ಇದು?" ಎಂದು ಕೇಳುವವರನ್ನು ಈಚೆಗೆ ಬಹಳ ನೋಡುತ್ತಿದ್ದೇನೆ. ಅವರನ್ನು ಕಂಡಾಗ ಸಿಟ್ಟಿಗಿಂತ ಹೆಚ್ಚು ನಾಚಿಕೆ ಬರುತ್ತದೆ. ಒಂದು ಕಾಲಕ್ಕೆ ನಾನೂ ಹಾಗೇ ಕೇಳಿದವಳು.

ನನ್ನ ಹೆಸರು ಮಹಾನಂದಾ. ಅಫಜಲಪುರದ ಮಾಸ್ತರರೊಬ್ಬರ ಮಗಳು. ಜಾನುವಾರು ಪರೀಕ್ಷಕಿಯಾಗಿ ನೌಕರಿಗೆ ಸೇರಿದಾಗ ಎತ್ತು ಎಮ್ಮೆಗಳಿಗೆ ಸೂಜಿ ಹಾಕುತ್ತೇನೆ ಎಂದುಕೊಂಡಿದ್ದೆ. "ಹೆಣ್ಮಗಳು, ಎತ್ತು ಒದ್ದರ ಯಾರು ಹೊಣಿ?" ಎಂದು ಹೇಳಿ ನನ್ನನ್ನು ಕೋಳಿ ತಳಿ ಘಟಕಕ್ಕೆ ಹಾಕಿದರು. ಎತ್ತು ಒದೆಯುವುದು ತಪ್ಪಿತು. ಒದೆಯುವ ಕೆಲಸವನ್ನು ಮೇಲಧಿಕಾರಿಗಳು ವಹಿಸಿಕೊಂಡರು.

ಘಟಕದ ಮೇಲಧಿಕಾರಿಗಳನ್ನು ಇಲ್ಲಿ ಮಾಣಿಕರಾವ್ ಸಾಹೇಬರು ಎಂದು ಕರೆಯುತ್ತೇನೆ. ಹೆಸರು ಬದಲಿಸಿದ್ದೇನೆ, ಗುಣ ಬದಲಿಸಿಲ್ಲ. ಅವರು ಒಮ್ಮೆ ಹೈದರಾಬಾದಿಗೆ ಮದುವೆಗೆ ಹೋದವರು ಬರುವಾಗ ಎರಡು ಜೋಡಿ ಗಿಡ್ಡ ಕೋಳಿ ಹಿಡಿದುಕೊಂಡು ಬಂದರು. ಜಪಾನಿ ತಳಿಯವು. ಕಾಲಿನ ಉದ್ದ ನಮ್ಮ ಕೈಬೆರಳಿನ ಒಂದು ಗೆಣ್ಣಿನಷ್ಟು. ಎದೆ ಮುಂದೆ, ಬಾಲ ತಲೆಯ ಹಿಂದೆ ಕಂಬದ ಹಾಗೆ ನೆಟ್ಟಗೆ. ನಡೆದರೆ ಉರುಳಿದಂತೆ ಕಾಣುತ್ತಿತ್ತು. ತತ್ತಿ ನಿಂಬೆಹಣ್ಣಿನಷ್ಟು.

"ಇದನ್ನ ಏನು ಮಾಡೋದ್ರಿ ಸರ್?" ಎಂದೆ.

"ನೋಡೋದು," ಎಂದರು ಸಾಹೇಬರು.

ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಸರಿಯಾದ ಮಾತು ಅದು. ದುರ್ದೈವ, ಅದನ್ನು ಅವರೇ ಪಾಲಿಸಲಿಲ್ಲ.

ನನ್ನ ಮೊದಲ ಮೂರ್ಖತನ ಮರಿ ಮಾಡಿಸುವುದರಲ್ಲಿ. ಗಿಡ್ಡ ಕಾಲೇ ಚೆಂದ ಎಂದಮೇಲೆ ಅತಿ ಗಿಡ್ಡ ಹುಂಜಕ್ಕೆ ಅತಿ ಗಿಡ್ಡ ಹ್ಯಾಟಿಯನ್ನೇ, ಅಂದರೆ ಹೆಣ್ಣು ಕೋಳಿಯನ್ನೇ, ಕೂಡಿಸಬೇಕಲ್ಲವೇ? ಹಾಗೇ ಮಾಡಿದೆ. ಸ್ವಲ್ಪ ಉದ್ದ ಕಾಲಿನ ಹ್ಯಾಟಿಗಳನ್ನು ಕೆಟ್ಟ ಮಾಲು ಎಂದು ಹೊರಗೆ ಹಾಕಿದೆ. ಮರಿ ಏಳುವ ದಿನ ಬಂದರೆ, ಪ್ರತಿ ಸಲವೂ ಕೆಲವು ತತ್ತಿ ಒಡೆಯುತ್ತಲೇ ಇರಲಿಲ್ಲ. ಕಾವು ಯಂತ್ರ ನೋಡಿಕೊಳ್ಳುತ್ತಿದ್ದವರು ಎಲ್ಲಪ್ಪ, ನನಗಿಂತ ಹತ್ತು ವರ್ಷ ಹಿರಿಯರು. ತಪ್ಪು ಅವರದೇ ಎಂದು ನಿರ್ಧರಿಸಿ ಮೆಮೊ ಕೊಟ್ಟೆ. ಮನುಷ್ಯ ಮೆಮೊ ಓದಿ ಮಡಚಿ ಕಿಸೆಗೆ ಹಾಕಿಕೊಂಡು, ಸತ್ತ ತತ್ತಿಗಳನ್ನು ತಟ್ಟೆಯಲ್ಲಿ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟರು.

"ಬಾಯಾರ, ಮಷೀನಿನ ಕಾವು ಬರೋಬ್ಬರಿ ಅದರಿ. ಅರ್ಧ ತತ್ತಿ ನಾಟಿ ಹ್ಯಾಟಿ ಬುಡಕ ಇಟ್ಟು ನೋಡೇನಿ. ಅಲ್ಲೂ ಹಿಂಗೇ ಸಾಯಾಕತ್ಯಾವ. ತಪ್ಪು ಕಾವಿಂದಲ್ರಿ, ಜೋಡೀದು."

ನನಗೆ ಉರಿದುಹೋಯಿತು. ಅವರ ಮಾತು ಸುಳ್ಳು ಮಾಡಲೆಂದೇ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಪುಸ್ತಕ ತೆಗೆದು ಕೂತೆ. ಅಲ್ಲಿ ಸಾಫಾಗಿ ಬರೆದಿತ್ತು: ಗಿಡ್ಡಗಾಲಿನ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದ ಮರಿ ತತ್ತಿಯೊಳಗೇ ಸಾಯುತ್ತದೆ, ಗಿಡ್ಡಕ್ಕೆ ಗಿಡ್ಡ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದರ ಗತಿ ಇದು. ಜೋಡಿಯಲ್ಲಿ ಒಂದಕ್ಕೆ ಕಾಲು ತುಸು ಉದ್ದ ಇರಬೇಕು. ಅಂದರೆ ನಾನು ಹೊರಗೆ ಹಾಕಿದ ಕೆಟ್ಟ ಮಾಲೇ ಈ ತಳಿಯನ್ನು ಉಳಿಸುವ ತಾಯಂದಿರು.

ಮೆಮೊ ವಾಪಸ್ ಪಡೆಯಬೇಕೆಂದು ಸಾಹೇಬರ ಹತ್ತಿರ ಹೋದೆ. "ಕೊಟ್ಟ ಮೆಮೊ ತಿರುಗಿ ತಗೊಂಡ್ರ ಆಫೀಸಿನ ಇಜ್ಜತ್ ಏನಾಗ್ಬೇಕು?" ಎಂದರು. ಸುಮ್ಮನೆ ಬಂದೆ. ಎಲ್ಲಪ್ಪ ನಿವೃತ್ತರಾಗುವವರೆಗೂ ಆ ಮೆಮೊ ಅವರ ಫೈಲಿನಲ್ಲೇ ಇತ್ತು. ಅದನ್ನು ಬರೆದ ನನಗೆ ಆಮೇಲೆ ಬಡ್ತಿ ಸಿಕ್ಕಿತು. ಬಡ್ತಿಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ಇನ್ನು ಮೈಕಟ್ಟು ನೋಡುವುದು ಹೇಗೆ ಎಂಬುದು. ಹೊಸಬರು ಬಂದ ಕೂಡಲೇ ಪಂಜರದೊಳಗೆ ಕೈ ಹಾಕುತ್ತಾರೆ. ಕೋಳಿ ಬೆದರಿ ಮುದುಡುತ್ತದೆ. ಮುದುಡಿದ ಕೋಳಿಗೆ ಆಕಾರ ಎಲ್ಲಿಂದ ಬರಬೇಕು? ನಾಲ್ಕು ಹೆಜ್ಜೆ ದೂರ ನಿಲ್ಲಿ. ಬಾಯಿ ಮುಚ್ಚಿಕೊಂಡು ನಿಲ್ಲಿ. ಅದು ನಿಮ್ಮನ್ನು ಮರೆತು ತನ್ನಷ್ಟಕ್ಕೆ ನಿಂತಾಗ ಬಣ್ಣವನ್ನೆಲ್ಲ ಮನಸ್ಸಿನಿಂದ ಒರೆಸಿ, ಬರೀ ಅಂಚು ನೋಡಿ. ಎದೆ ದುಂಡಗೆ ಮುಂದೆ ಬರಬೇಕು. ಬೆನ್ನು ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದಾಗಿ ಬಾಲದ ಏರಿಗೆ ಕೂಡಿಕೊಳ್ಳಬೇಕು. ರೆಕ್ಕೆಯ ತುದಿ ನೆಲಕ್ಕೆ ತಾಗಿಯೂ ತಾಗದಂತಿರಬೇಕು. ಬಾಲ ಒಂದು ಕಡೆ ವಾಲಿದ್ದರೆ ಮುಂದಿನ ಪಂಜರಕ್ಕೆ ನಡೆಯಿರಿ. ಇಷ್ಟಾದ ಮೇಲೆ ಕೈಗೆತ್ತಿಕೊಳ್ಳಿ: ಅಂಗೈ ಎದೆಯ ಕೆಳಗೆ, ಅದರ ಕಾಲು ನಿಮ್ಮ ಬೆರಳುಗಳ ನಡುವೆ. ಎದೆಮೂಳೆಯ ಎರಡೂ ಬದಿಗೆ ಮಾಂಸ ಇದೆಯೋ ಮುಟ್ಟಿ ನೋಡಿ. ಗರಿ ಸುಳ್ಳು ಹೇಳುತ್ತದೆ, ಮೂಳೆ ಹೇಳುವುದಿಲ್ಲ. ತಕ್ಕಡಿ ಎಲ್ಲಕ್ಕಿಂತ ಕೊನೆಗೆ. ತೂಕಕ್ಕೆ ಒಂದು ಮಿತಿ ಇದೆ, ನಿಜ. ಆದರೆ ಗಿಡ್ಡ ಕೋಳಿ ಎಂದರೆ ಅಚ್ಚುಕಟ್ಟಾಗಿ ಚಿಕ್ಕದಾಗಿ ಹುಟ್ಟಿದ ಕೋಳಿ. ಸೊರಗಿ ಚಿಕ್ಕದಾದದ್ದಲ್ಲ.

ಇದನ್ನೆಲ್ಲ ಈಗ ದೊಡ್ಡ ದನಿಯಲ್ಲಿ ಹೇಳುತ್ತಿದ್ದೇನೆ. ಹೇಳಬೇಕಾದ ದಿನ ಹೇಳಲಿಲ್ಲ.

ಸಾಹೇಬರು ತಂದ ಹುಚ್ಚು ಮೂರು ತಾಲೂಕಿಗೂ ಹಬ್ಬಿತ್ತು. ನಮ್ಮ ಘಟಕದಿಂದ ಜೋಡಿ ಒಯ್ದವರು ಮನೆಮನೆಯಲ್ಲಿ ಮರಿ ಮಾಡಿಸುತ್ತಿದ್ದರು. ವರ್ಷಕ್ಕೊಮ್ಮೆ ಆಳಂದದ ಒಂದು ಶಾಲೆಯ ಮೈದಾನದಲ್ಲಿ ಪ್ರದರ್ಶನ. ಸಾಹೇಬರು ಅಧ್ಯಕ್ಷರು, ನಾನು ತೀರ್ಪುಗಾರ್ತಿ. ಅವರಿಗೆ ಮೈಕಟ್ಟು ತಿಳಿಯುತ್ತಿರಲಿಲ್ಲ. ತಿಳಿಯುವುದಿಲ್ಲ ಎಂದು ಒಪ್ಪಿಕೊಳ್ಳುವುದೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿ ಟೇಬಲ್ಲಿನ ನಡುವೆ ಇಟ್ಟರು. ಮೊದಲು ತೂಕ, ಮಿತಿ ಮೀರಿದ್ದು ಹೊರಗೆ, ಒಳಗೆ ಉಳಿದದ್ದರಲ್ಲಿ ಹಗುರಾದಷ್ಟೂ ಮೇಲೆ. "ಇದರಾಗ ತಕರಾರಿಗೆ ಜಾಗಾನೇ ಇಲ್ಲ ನೋಡು," ಎಂದು ನನಗೆ ಹೇಳಿ ಬೀಗಿದರು. ನಿಜ, ಜಾಗ ಇರಲಿಲ್ಲ. ತಲೆಗೂ ಇರಲಿಲ್ಲ.

ಹೀಗೆ ಸತತವಾಗಿ ಗೆಲ್ಲುತ್ತಿದ್ದವನು ಮಟಕಿ ಊರಿನ ಗುಂಡಪ್ಪ. ಹೊಲ ಮನೆ ಚೆನ್ನಾಗಿದ್ದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಮೊಬೈಲು. ಅವನ ಕೋಳಿಗಳು ಎಲ್ಲರವಕ್ಕಿಂತ ಚಿಕ್ಕವು. ಆ ವರ್ಷ ಜೇವರ್ಗಿ ಕಡೆಯ ಕೊಳಕೂರಿನಿಂದ ನೀಲಮ್ಮ ಎಂಬ ರೈತ ಹೆಣ್ಣುಮಗಳು ಮೊದಲ ಸಲ ಬಂದಿದ್ದಳು. ಬುಟ್ಟಿಗೆ ಸೀರೆಯ ತುಂಡು ಕಟ್ಟಿ, ಎರಡು ಬಸ್ಸು ಬದಲಿಸಿ, ಒಂದು ಕರಿಬಾಲದ ಬಿಳಿ ಹುಂಜ ತಂದಿದ್ದಳು. ಅದನ್ನು ಪಂಜರದಲ್ಲಿ ಬಿಟ್ಟ ಕೂಡಲೇ ಅದು ರೆಕ್ಕೆ ಇಳಿಸಿ, ಎದೆ ಎತ್ತಿ ನಿಂತಿತು. ಪುಸ್ತಕದ ಚಿತ್ರ ಎದ್ದು ಬಂದು ನಿಂತಂತಿತ್ತು. ನನಗೆ ಗೊತ್ತಾಯಿತು. ಸುಳ್ಳೇಕೆ, ಆ ಕ್ಷಣಕ್ಕೇ ಗೊತ್ತಾಯಿತು.

ತಕ್ಕಡಿಯ ಮೇಲೆ ಇಟ್ಟರು. ಒಂದು ಅಡಿಕೆಯ ತೂಕದಷ್ಟು ಹೆಚ್ಚಾಯಿತು.

"ಹೊರಗ," ಎಂದರು ಸಾಹೇಬರು. ನಾನು ಪಟ್ಟಿಯಲ್ಲಿ ಗೆರೆ ಎಳೆದೆ.

ನೀಲಮ್ಮ ಸಾಹೇಬರ ಕಡೆ ನೋಡಲೂ ಇಲ್ಲ. ನನ್ನನ್ನೇ ಕೇಳಿದಳು: "ಬಾಯಾರ, ನೀವು ಇದನ್ನ ನೋಡಿದ್ದು ನಾ ನೋಡೇನಿ. ಚಲೋ ಅದನೋ ಇಲ್ಲೋ, ಅಷ್ಟು ಹೇಳ್ರಿ."

"ನಿಯಮ ಅದ ನೀಲಮ್ಮ," ಎಂದೆ.

"ನಾ ನಿಯಮ ಕೇಳಲಿಲ್ರಿ," ಎಂದು ಹುಂಜವನ್ನು ಬುಟ್ಟಿಗೆ ಹಾಕಿಕೊಂಡು ಹೊರಟುಹೋದಳು.

ಮೊದಲ ಬಹುಮಾನ ಗುಂಡಪ್ಪನ ಹುಂಜಕ್ಕೆ. ನಾನು ಅದನ್ನು ಕೈಯಲ್ಲಿ ಹಿಡಿದಿದ್ದೆ. ಎದೆಮೂಳೆ ಚಾಕುವಿನ ಅಲಗಿನಂತೆ ಬೆರಳಿಗೆ ಚುಚ್ಚಿತ್ತು. ಆದರೂ ಸಹಿ ಮಾಡಿದೆ. ಮಧ್ಯಾಹ್ನ ಕಪ್ ಕೊಡುವ ಹೊತ್ತಿಗೆ ಮುಖ್ಯ ಅತಿಥಿಗಳು ವೇದಿಕೆಗೆ ಬಂದರು. ಗುಂಡಪ್ಪ ಪಂಜರಕ್ಕೆ ಕೈ ಹಾಕಿ ಹುಂಜ ಎತ್ತಿದ. ಕತ್ತು ಜೋತುಬಿತ್ತು. ಸತ್ತಿತ್ತು. ಆ ಮನುಷ್ಯ ಒಂದು ಕ್ಷಣವೂ ಗಲಿಬಿಲಿಯಾಗದೆ ಹೆಬ್ಬೆರಳನ್ನು ಅದರ ತಲೆಯ ಹಿಂದೆ ಆನಿಸಿ, ಕತ್ತು ನೆಟ್ಟಗೆ ಮಾಡಿ, ಕ್ಯಾಮೆರಾ ಕಡೆ ತಿರುಗಿ ನಕ್ಕ. ಅತಿಥಿಗಳೂ ನಕ್ಕರು. ಆ ಫೋಟೊ ಬಹಳ ದಿನ ನಮ್ಮ ಆಫೀಸಿನ ಗೋಡೆಯ ಮೇಲಿತ್ತು. ಬಂದವರೆಲ್ಲ ಅದರ ಮುಂದೆ ನಿಂತು "ಏನ್ ಠೀವಿರಿ ಹುಂಜದ್ದು" ಎನ್ನುತ್ತಿದ್ದರು.

ಜನ ಚದುರಿದ ಮೇಲೆ ಹುಂಜವನ್ನು ಗುಂಡಪ್ಪನ ಕೈಯಿಂದ ಇಸಿದುಕೊಂಡು, ಜೀಪಿನ ಹಿಂದೆ ಹಾಳೆ ಹಾಸಿ ಸೀಳಿ ನೋಡಿದೆ. ಮೈಯಲ್ಲಿ ಕೊಬ್ಬಿನ ಒಂದು ಎಳೆಯಿಲ್ಲ. ತಿಂದ ಕಾಳು ಮೊದಲು ತುಂಬುವ ಕೊರಳಿನ ಚೀಲದ ತುಂಬ ಒದ್ದೆ ಹತ್ತಿ.

"ಇದೇನಲೇ ಗುಂಡಪ್ಪ?"

ಅವನಿಗೆ ನಾಚಿಕೆಯಾದ ಹಾಗೇನೂ ಕಾಣಲಿಲ್ಲ. "ಮರಿ ಇದ್ದಾಗಿಂದ ಅರ್ಧ ಹೊಟ್ಟಿ ಹಾಕ್ತೇನಿ ಬಾಯಾರ, ಅಂದ್ರ ಗಿಡ್ಡ ಉಳೀತಾವ. ಹತ್ತಿ ತಿನಸಿದ್ರ ಮುಟ್ಟಿದವರಿಗೆ ಹೊಟ್ಟಿ ತುಂಬಿದಂಗ ಹತ್ತತದ. ನನಗೇನ್ರಿ ಹುಟ್ಟಾ ಇದು ಬರ್ತಿತ್ತೇನ? ನಿಮ್ಮ ತಕ್ಕಡೀನೇ ಕಲಿಸಿದ್ದು."

ಇದನ್ನೆಲ್ಲ ವರದಿಯಲ್ಲಿ ಬರೆದು ಸಾಹೇಬರ ಮುಂದೆ ಇಟ್ಟೆ. ಅವರು ಕೊನೆಯ ಸಾಲಿನವರೆಗೂ ಓದಿ, ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. "ಬಿಸಿಲಿನ ಝಳಕ್ಕೆ ಸತ್ತದ ಅಂತ ಬರಿ. ಉಪಾಸ ಸತ್ತ ಕೋಳಿಗೆ ಅತಿಥಿಗಳ ಕೈಲೆ ಕಪ್ ಕೊಡಿಸಿದ್ವಿ ಅಂತ ಬರೀತೀ ಏನ?"

ಬಿಸಿಲಿನ ಝಳಕ್ಕೆ ಸತ್ತಿದೆ ಎಂದು ಬರೆದೆ. ಆ ದಿನ ಬೆಳಿಗ್ಗೆಯಿಂದ ಮೋಡ ಕವಿದಿತ್ತು. ಮಧ್ಯಾಹ್ನ ನಾಲ್ಕು ಹನಿಯೂ ಉದುರಿದ್ದವು.

ಆಮೇಲೆ ಏನಾಯಿತೋ ಅದಕ್ಕೆ ಬೇರೆ ಯಾರನ್ನೂ ದೂರಲಾರೆ. ಗೆದ್ದದ್ದು ಗುಂಡಪ್ಪನ ಕೋಳಿ ಎಂದಮೇಲೆ ಎಲ್ಲರೂ ಅವನ ತಳಿಯನ್ನೇ ಒಯ್ದರು, ಅವನ ವಿದ್ಯೆಯನ್ನೂ ಒಯ್ದರು. ಮೂರು ವರ್ಷದಲ್ಲಿ ಹ್ಯಾಟಿಗಳು ತತ್ತಿ ಹಾಕಲಾರದೆ ತಿಣುಕತೊಡಗಿದವು. ಮರಿಗಳು ಮಾತ್ರೆಯ ಹಾಗೆ ಚಿಕ್ಕವಾಗಿ ಹುಟ್ಟಿ, ವಾರದೊಳಗೆ ಸತ್ತವು. ನಮ್ಮ ಘಟಕದ ಪಂಜರಗಳೂ ಅರ್ಧ ಖಾಲಿಯಾದವು, ಯಾಕೆಂದರೆ ಸಾಹೇಬರ ಅಪ್ಪಣೆಯಂತೆ ನಾವೂ ಗುಂಡಪ್ಪನ ಹುಂಜವನ್ನೇ ತಂದು ಬಿಟ್ಟಿದ್ದೆವು. ಅಷ್ಟರಲ್ಲಿ ಮೇಲಿನಿಂದ ಯಾರೋ ದೊಡ್ಡವರು ಪ್ರದರ್ಶನ ನೋಡಲು ಬರುತ್ತಾರೆ ಎಂಬ ಸುದ್ದಿ. ಸಾಹೇಬರು ಬೆವರಿದರು.

"ಆ ಕೊಳಕೂರಿನ ಹೆಣ್ಮಗಳ ಹತ್ರ ಇನ್ನ ಕೋಳಿ ಅದಾವಂತ. ಹೋಗಿ ಕರಕೊಂಡು ಬಾ," ಎಂದರು.

ಜೇವರ್ಗಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಟಂಟಂ ಆಟೊ ಹಿಡಿದು, ಕೊಳಕೂರು ಮುಟ್ಟುವ ಹೊತ್ತಿಗೆ ಸಂಜೆ ನಾಲ್ಕೂವರೆ. ನೀಲಮ್ಮನ ಅಂಗಳದಲ್ಲಿ ಇಪ್ಪತ್ತರ ಮೇಲೆ ಗಿಡ್ಡ ಕೋಳಿ ಓಡಾಡುತ್ತಿದ್ದವು. ಎಲ್ಲವೂ ಒಂದೇ ಕೈ ಮಾಡಿದಂಥವು. ತುಂಬಿದ ಎದೆ, ಹೊಳೆಯುವ ಕಣ್ಣು. ನಡುವೆ ತುಸು ಉದ್ದ ಕಾಲಿನ ನಾಲ್ಕು ಹ್ಯಾಟಿ. ನನಗೆ ಪುಸ್ತಕ ಹೇಳಿದ್ದನ್ನು ಆಕೆಗೆ ಯಾರು ಹೇಳಿದರು? ಕೇಳಿಯೇಬಿಟ್ಟೆ.

"ಗಿಡ್ಡವಕ್ಕ ಗಿಡ್ಡ ಬಿಟ್ಟಾಗ ತತ್ತಿ ಸತ್ತ್ವು. ಇವನ್ನ ಬಿಟ್ಟೆ, ಬದುಕಿದ್ವು. ಇದ್ರಾಗ ಹೇಳೂದೇನದರಿ?" ಎಂದಳು.

"ಯಾವ ಮರಿ ಇಟ್ಕೋಬೇಕಂತ ಹೆಂಗ ಗೊತ್ತು ಹಿಡೀತಿ?"

ಆಕೆ ಎರಡು ಹಿಡಿ ಜೋಳದ ನುಚ್ಚನ್ನು ಪಡುವಣದ ಬಿಸಿಲು ಬಿದ್ದಿದ್ದ ಸುಣ್ಣದ ಗೋಡೆಯ ಬುಡಕ್ಕೆ ಚೆಲ್ಲಿದಳು. ಕೋಳಿಗಳು ಓಡಿಬಂದವು. ಗೋಡೆಯ ತುಂಬ ಅವುಗಳ ನೆರಳು. ಬಣ್ಣವಿಲ್ಲ, ಗರಿಯ ಹೊಳಪಿಲ್ಲ, ಬರೀ ಅಂಚು. "ಅಗೋ, ಅದರ ಬೆನ್ನು ಉದ್ದಾತು, ಅದು ಇರಂಗಿಲ್ಲ. ಆ ಮೂಲ್ಯಾಗಿಂದು ನೋಡ್ರಿ, ಅದು ಇರ್ತದ." ನಾನು ಇಪ್ಪತ್ತು ವರ್ಷ ತರಬೇತಿಗಳಲ್ಲಿ ನಿದ್ದೆ ತಡೆದುಕೊಂಡು ಕಲಿತದ್ದು ಆ ಗೋಡೆಯ ಮೇಲೆ ಐದು ನಿಮಿಷದಲ್ಲಿ ಮುಗಿಯಿತು.

ಚಹಾ ಕುಡಿದ ಮೇಲೆ ಬಂದ ಕೆಲಸ ಹೇಳಿದೆ. ಆಕೆ ಬರುವುದಿಲ್ಲ ಎಂದಳು. "ನನ್ನ ಕೋಳಿ ನಿಮ್ಮಲ್ಲಿ ಭಾರ ಆಗ್ತಾವ್ರಿ."

ಆಗ ನನ್ನ ಬಾಯಿಂದ ನಿಜ ಹೊರಟಿತು. "ನೀಲಮ್ಮ, ಆ ವರ್ಷ ಗೆದ್ದ ಹುಂಜ ಹಸಿವಿಗೆ ಸತ್ತಿತ್ತು. ನಾನೇ ಸೀಳಿ ನೋಡಿದ್ದೆ. ಬಿಸಿಲಿಗೆ ಅಂತ ಸುಳ್ಳು ಬರೆದೆ. ನಿನ್ನ ಹುಂಜಾನೇ ಮೊದಲನೇದು."

ಆಕೆ ಚಹಾದ ಕಪ್ಪು-ಬಸಿ ಎತ್ತಿಕೊಂಡು ಎದ್ದಳು. "ಇಲ್ಲಿ ಕೂತು ಹೇಳಿದ್ರ ನನಗೇನ್ರಿ ಫಾಯದಾ? ಮಂದಿ ಇನ್ನಾ ಮರಿ ಉಪಾಸ ಹಾಕಾಕತ್ಯಾರ. ಆಳಂದದಾಗ ಹೇಳ್ರಿ. ಆಗ ಬರ್ತೇನಿ."

ತಿರುಗಿ ಬರುವ ದಾರಿಯುದ್ದಕ್ಕೂ ಆಕೆಯ ಮೇಲೆ ಸಿಟ್ಟು ಬಂದಿತ್ತು. ನನಗೆ ನೌಕರಿ ಇನ್ನೂ ಆರು ವರ್ಷ ಇತ್ತು. ಸಾಹೇಬರಿಗೆ ಮಾತ್ರ "ಬರ್ತಾಳಂತ್ರಿ" ಎಂದಷ್ಟೇ ಹೇಳಿದೆ.

ಪ್ರದರ್ಶನದ ದಿನ ಬೆಳಿಗ್ಗೆ ಮೈದಾನ ತುಂಬಿತ್ತು. ನೀಲಮ್ಮ ಬುಟ್ಟಿ ಬಿಚ್ಚದೆ ಗೇಟಿನ ಹತ್ತಿರವೇ ನಿಂತಿದ್ದಳು. ತೀರ್ಪಿನ ನಿಯಮ ಓದಿ ಹೇಳಲು ನನ್ನ ಕೈಗೆ ಮೈಕು ಕೊಟ್ಟರು. ಹತ್ತಿಯ ವಿಷಯ ಹೇಳಿದೆ, ಹರಿದುಹಾಕಿದ ವರದಿಯ ವಿಷಯ ಹೇಳಿದೆ, ಆಮೇಲೆ ಬರೆದ ಸುಳ್ಳು ನನ್ನದೇ ಕೈಬರಹ ಎಂದೂ ಹೇಳಿದೆ. ಸಾಹೇಬರು ಮೈಕಿನ ವೈರು ಜಗ್ಗಿದರು. ಅಷ್ಟರಲ್ಲಿ ಹೇಳುವುದು ಮುಗಿದಿತ್ತು. ಗೇಟಿನ ಹತ್ತಿರ ನೀಲಮ್ಮ ಬುಟ್ಟಿ ಬಿಚ್ಚತೊಡಗಿದಳು. ತಕ್ಕಡಿಯನ್ನು ಎತ್ತಿ ಅವರ ತೊಡೆಯ ಮೇಲಿಟ್ಟು, ಮೊದಲ ಪಂಜರದ ಕಡೆ ನಡೆದೆ. ಇದಕ್ಕೆ ನನಗೆ ಸಿಕ್ಕ ಪ್ರತಿಫಲ ಹದಿನೈದು ದಿನದೊಳಗೆ ಬಂದ ವರ್ಗಾವಣೆ. ಕೋಳಿಯ ಪುಕ್ಕವೂ ಕಾಣದ ಒಂದು ಮೂಲೆಗೆ. ಆದರೆ ಆ ದಿನ ದೊಡ್ಡವರು ಬಂದು ಕೂತಿದ್ದರಿಂದ ನನ್ನನ್ನು ನಡುವೆ ಎಬ್ಬಿಸಿ ಕಳಿಸುವ ಧೈರ್ಯ ಸಾಹೇಬರಿಗಾಗಲಿಲ್ಲ.

ಗುಂಡಪ್ಪ ನಾಲ್ಕು ಪಂಜರ ತುಂಬಿಸಿದ್ದ. ಮೂರರಲ್ಲಿ ಎಂದಿನ ಉಪವಾಸದ ಹುಂಜಗಳು. ಅವುಗಳನ್ನು ಮುಟ್ಟಿ ನೋಡಿ ಗೆರೆ ಎಳೆದೆ. ಅವನ ಕಣ್ಣು ಕೆಂಪಾಯಿತು. ನೀಲಮ್ಮನ ಹುಂಜ ಬಿಳಿ, ಕರಿ ಬಾಲ, ಹಿಂದೆ ಬಂದಿದ್ದರ ಮಗ. ಬಹಳ ಚೆಂದ. ಇನ್ನೇನು ಬರೆಯಬೇಕು ಎನ್ನುವಾಗ ಗುಂಡಪ್ಪನ ನಾಲ್ಕನೇ ಪಂಜರ ಕಣ್ಣಿಗೆ ಬಿತ್ತು.

ಅದರಲ್ಲಿ ಒಂದು ಕರಿ ಹುಂಜ. ನಾಲ್ಕು ಹೆಜ್ಜೆ ಹಿಂದೆ ನಿಂತೆ. ಅದು ಒಮ್ಮೆ ಮೈ ಕೊಡವಿ ನಿಂತಿತು. ನೀಲಮ್ಮನದಕ್ಕಿಂತ ಅದರ ಬೆನ್ನು ಚಿಕ್ಕದು, ಬಾಲದ ಏರು ಹೆಚ್ಚು ನೇರ. ಕೈಗೆತ್ತಿಕೊಂಡರೆ ಎದೆ ಗಟ್ಟಿಮುಟ್ಟು, ಅಂಗೈ ತುಂಬ. ಮತ್ತೆ ನೀಲಮ್ಮನ ಪಂಜರಕ್ಕೆ ಹೋದೆ, ಮತ್ತೆ ಬಂದೆ. ಹೀಗೆ ಐದಾರು ಸಲ. ಯಾರ ಮುಂದೆ ತಲೆ ಎತ್ತಲು ಇಷ್ಟೆಲ್ಲ ಮಾಡಿದ್ದೆನೋ ಆಕೆಯೇ ಸೋಲಬೇಕಾಗಿತ್ತು. ಕರಿಯದೇ ಮೇಲು. ಏನು ಮಾಡಿದರೂ ಕರಿಯದೇ ಮೇಲು.

ಗುಂಡಪ್ಪನಿಗೆ ಮೊದಲನೆಯದು, ನೀಲಮ್ಮನಿಗೆ ಎರಡನೆಯದು ಎಂದು ಬರೆದು ಸಹಿ ಹಾಕಿದೆ. ಮೈದಾನದಲ್ಲಿ ಗುಸುಗುಸು. ಬೆಳಿಗ್ಗೆ ಅವನ ಮಾನ ಹರಾಜು ಹಾಕಿ ಸಂಜೆಗೆ ಕಪ್ ಕೊಟ್ಟಳು, ಈಕೆಗೆ ದಿಮಾಗ ಇಲ್ಲ ಎಂದು ಒಬ್ಬರು ನನಗೆ ಕೇಳುವಂತೆಯೇ ಅಂದರು.

ನೀಲಮ್ಮ ನನ್ನ ಕಡೆ ಬರಲಿಲ್ಲ. ನೆಟ್ಟಗೆ ಕರಿ ಹುಂಜದ ಪಂಜರಕ್ಕೆ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಬಾಗಿಲು ತೆಗೆದು, ಅದನ್ನು ಎತ್ತಿ, ಎದೆ ಮುಟ್ಟಿ, ರೆಕ್ಕೆ ಬಿಡಿಸಿ ನೋಡಿದಳು.

"ಎಲ್ಲಿದಪ್ಪ ಇದು?"

"ನಮ್ಮ ಅಕ್ಕನ ಮನೀದು, ನರೋಣಾದ್ದು," ಎಂದ ಗುಂಡಪ್ಪ. "ಮರಿ ಇದ್ದಾಗ ಹೊಟ್ಟಿಬಾಕ, ಬ್ಯಾರೇವರ ಕಾಳೂ ತಿಂತಿತ್ತು. ಭಾರ ಆಗ್ತದ ಅಂತ ಆಕಿಗೆ ಕೊಟ್ಟುಬಿಟ್ಟಿದ್ದೆ. ಕಸದ ತಿಪ್ಪಿ ಕೆದರಿ ಬೆಳೆದದ. ಪಂಜರ ಖಾಲಿ ಉಳೀಬಾರ್ದಂತ ಹಿಡಕೊಂಡ್ ಬಂದೆ."

"ಕಪ್ ನೀ ಇಟ್ಕೋ. ಇದನ್ನ ನನಗ ಕೊಡು. ನನ್ನ ಹ್ಯಾಟಿಗಳ ಜೋಡಿ ಬಿಡ್ತೇನಿ. ಬದಲಿಗೆ ನನ್ನ ಬಿಳೀದು ಒಯ್ಯಿ."

ಗುಂಡಪ್ಪ ಲೆಕ್ಕ ಹಾಕಿದ. ಕಪ್ ಉಳಿಯಿತು, ತಿಪ್ಪೆಯ ಕೋಳಿ ಹೋಯಿತು, ಬಿಳಿಯದೊಂದು ಬಂತು. ಮೂರೂ ಲಾಭವೇ ಎನಿಸಿರಬೇಕು. "ಒಯ್ಯಬೇ, ಒಯ್ಯಿ," ಎಂದ.

ಆಕೆ ಕರಿ ಹುಂಜವನ್ನು ಬುಟ್ಟಿಗೆ ಹಾಕಿ ಸೀರೆಯ ತುಂಡು ಬಿಗಿದಳು. ನನ್ನ ಮುಂದೆ ಹಾದುಹೋಗುವಾಗ ನಿಂತು, "ನೀವು ಬರೋಬ್ಬರಿ ನೋಡಿದ್ರಿ ಬಾಯಾರ," ಎಂದಳು. ನನ್ನ ಇಡೀ ನೌಕರಿಯಲ್ಲಿ ಯಾರೂ ನನ್ನ ಕೆಲಸದ ಬಗ್ಗೆ ಹಾಗೆ ಹೇಳಿರಲಿಲ್ಲ. ಆಕೆ ಗೇಟು ದಾಟಿ, ಬಂದ ಬಸ್ಸಿಗೆ ಕೈ ಮಾಡಿ ಹತ್ತಿದಳು.

ಶಾಮಿಯಾನ ಬಿಚ್ಚುತ್ತಿದ್ದರು. ಗುಂಡಪ್ಪ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಳಿಗ್ಗೆಯ ಸಿಟ್ಟನ್ನು ಅರ್ಧ ಮರೆತು, ನನ್ನ ಹತ್ತಿರ ಬಂದು ನಿಂತ. ಏನೋ ಕೇಳಬೇಕು, ಕೇಳಲು ಸಂಕೋಚ.

"ಬಾಯಾರ," ಎಂದ ಕೊನೆಗೆ, "ಆ ಕರೀದರಾಗ ಅಂಥಾದ್ದೇನಿತ್ರಿ?"

ತೋರಿಸಿ ಹೇಳೋಣವೆಂದರೆ ಹುಂಜ ಆಗಲೇ ಕಲಬುರಗಿ ರಸ್ತೆ ಹಿಡಿದು ಹೋಗಿಯಾಗಿತ್ತು.